ಒಂದು ಅಂಕಿಯ ಸೇಡು

ರಾತ್ರಿ ಎರಡು ಗಂಟೆಗೆ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲಿ ಅವಿತಿರುವ ಬಿಲ್ಲೆಯಂಥ ಬ್ಯಾಟರಿಯನ್ನು ಉಗುರಿನಿಂದ ಕೀಳುತ್ತಿದ್ದೆ. ಈ ವಾರದಲ್ಲಿ ಇದು ಐದನೆಯ ಸಲ. ನಾನು ಮಾಡಿದ ಮಹಾಪರಾಧವೇನು? ಕಂಪ್ಯೂಟರ್ ಇನ್ನಷ್ಟು ಚುರುಕಾಗಲೆಂದು ರ‍್ಯಾಮಿನ ಒಂದು ಟೈಮಿಂಗನ್ನು, ಅಂದರೆ ಅದು ಎಷ್ಟು ಗಡಿಯಾರ-ಬಡಿತ ಕಾಯಬೇಕೆಂಬ ಎಣಿಕೆಯನ್ನು, 18ರಿಂದ 17ಕ್ಕೆ ಇಳಿಸಿದ್ದೆ. ಅಷ್ಟಕ್ಕೇ ಪರದೆ ಕಪ್ಪಾಯಿತು. ಫ್ಯಾನು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಗಂಟಲು ಸರಿಪಡಿಸಿಕೊಂಡೂ ಹಾಡದ ಗಾಯಕನಂತೆ.

ಬ್ಯಾಟರಿ ಕಿತ್ತರೆ, ಕಂಪ್ಯೂಟರನ್ನು ಎಬ್ಬಿಸುವ, ಈ ಅಂಕಿಗಳನ್ನೆಲ್ಲ ಇಟ್ಟುಕೊಳ್ಳುವ ಬಯೋಸ್‌ಗೆ ಪೂರ್ತಿ ಮರೆವು. ಟಿಆರ್‌ಸಿಡಿ, ಟಿಆರ್‌ಎಫ್‌ಸಿ, ಟಿಎಫ್‌ಎಡಬ್ಲ್ಯು ಎಂದು ಟೈಮಿಂಗುಗಳ ಆ ಅಷ್ಟೋತ್ತರವನ್ನೆಲ್ಲ ಮೊದಲಿನಿಂದ ತುಂಬಬೇಕು. ಇಷ್ಟೊಂದು ಅಂಕಿಗಳಲ್ಲಿ ಮುನಿಸಿಕೊಂಡದ್ದು ಯಾವುದು ಎಂದು ಒಂದು ಸಾಲು ಬರೆದು ತೋರಿಸಿದರೆ ಮದರ್‌ಬೋರ್ಡಿನ ಗಂಟೇನು ಹೋಗುತ್ತದೆ?

ರ‍್ಯಾಮಿಗೆ ಕೊಡುವ ವೋಲ್ಟೇಜಿನದು ಇನ್ನೊಂದು ರಗಳೆ. 1.35 ಕೊಟ್ಟರೆ ಏಳುವುದಿಲ್ಲ. 1.40 ಕೊಟ್ಟರೆ ಎದ್ದು ನೀಲಿ ಪರದೆ ತೋರಿಸಿ ಮಲಗುತ್ತದೆ. 1.45 ಕೊಟ್ಟರೆ ರ‍್ಯಾಮ್ ಕಾದು ಮತ್ತೆ ತಪ್ಪು ಲೆಕ್ಕ. ಮೆಮ್‌ಟೆಸ್ಟ್ ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶವಂತೂ ಮೂರು ಗಂಟೆ ಹಸುವಿನಂತೆ ಸಾಧುವಾಗಿ ಓಡಿ, ನಾನು ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ತಪ್ಪು ಸಿಕ್ಕಿತೆಂಬ ಒಂದು ಕೆಂಪು ಸಾಲು ಕಕ್ಕುತ್ತದೆ. ಒಂದೇ ಒಂದು!

ಇಷ್ಟೆಲ್ಲ ಯಾತಕ್ಕೆ? ರ‍್ಯಾಮಿನ ವೇಗ 3200ರಲ್ಲಿ ಸಿಎಲ್ (ಕೇಳಿದ ಮಾಹಿತಿಗೆ ಕಾಯುವ ಬಡಿತಗಳ ಎಣಿಕೆ) 16 ಎಂದರೆ ಕಾಯುವುದು 10 ನ್ಯಾನೋಸೆಕೆಂಡ್. ನಾನು ವಾರಗಟ್ಟಲೆ ಹೆಣಗಿ ತಲುಪಿದ 3600ರಲ್ಲಿ ಸಿಎಲ್ 18 ಎಂದರೂ ಅದೇ 10 ನ್ಯಾನೋಸೆಕೆಂಡ್. ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಮಾಹಿತಿ) ಹೆಚ್ಚಿದೆಯಂತೆ. ಹೆಚ್ಚಲಿ, ಮೊದಲು ಕಂಪ್ಯೂಟರ್ ಶುರುವಾಗಲಿ! ಬ್ಯಾಟರಿ ಈಗ ಮೇಜಿನ ಕೆಳಗೆ ಎಲ್ಲೋ ಉರುಳಿ ಹೋಗಿದೆ.