ಸಿಇಒ ಬಂದಿದ್ದಾರೆ, ಚಾ ಇಡು

ಆ ಫೋಟೋವನ್ನು ನೀವೂ ನೋಡಿದ್ದೀರಿ. ಪತ್ರಿಕೆಯ ಸ್ಥಳೀಯ ಪುಟದಲ್ಲಿ, ಕೆಲವು ತಿಂಗಳ ಹಿಂದೆ. ವೇದಿಕೆಯ ಮೇಲೆ ಹದಿನಾಲ್ಕು ಮಂದಿ, ನಡುವೆ ಒಂದು ಹಿಂಗಾರ, ಎಂದರೆ ಅಡಕೆಯ ಹೂಗೊಂಚಲು. ವಿದ್ಯಾರ್ಥಿಗಳೇ ಕಟ್ಟಿದ ನವೋದ್ಯಮಗಳ ಮೇಳವನ್ನು ಗಣ್ಯರು ಹಿಂಗಾರ ಅರಳಿಸಿ ಉದ್ಘಾಟಿಸಿದರಂತೆ. ಹದಿನಾಲ್ಕರಲ್ಲಿ ವಿದ್ಯಾರ್ಥಿಗಳು ಎಷ್ಟು ಎಂದು ಭೂತಗನ್ನಡಿ ಹಿಡಿದು ಹುಡುಕಿದೆ. ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿಯಿದ್ದಾರೆ, ಪ್ರಾಂಶುಪಾಲರಿದ್ದಾರೆ, ಕರಾವಳಿಯ ಯಾವ ವೇದಿಕೆಯಲ್ಲೂ ತಪ್ಪದ, ಯಾಕೆ ಬಂದಿದ್ದಾರೆಂದು ಯಾರೂ ಕೇಳದ ಆ ಇಬ್ಬರೂ ಇದ್ದಾರೆ. ಎಡತುದಿಯಲ್ಲಿ ಅರ್ಧ ಭುಜವೊಂದು ಕಾಣಿಸುತ್ತದೆ. ಅದು ವಿದ್ಯಾರ್ಥಿಯ ಭುಜ. ನಮ್ಮ ಪಕ್ಕದ ಮನೆಯದೇ ಎಂದು ಆಮೇಲೆ ತಿಳಿಯಿತು.

ಹುಡುಗ ಇಂಜಿನಿಯರಿಂಗ್ ಮೂರನೆಯ ವರ್ಷ. ಹೋದ ವರ್ಷದವರೆಗೂ ನಮ್ಮ ಕಂಪೌಂಡಿಗೆ ಕ್ರಿಕೆಟ್ ಚೆಂಡು ಹೆಕ್ಕಲು ಬರುತ್ತಿದ್ದವನು ಈ ಸಲ ವಿಸಿಟಿಂಗ್ ಕಾರ್ಡ್ ಹಿಡಿದುಕೊಂಡು, ಗೇಟಿನಿಂದಲೇ, ಕರೆಗಂಟೆ ಒತ್ತಿ ಬಂದ. ಯಾರು ಬಂದದ್ದು ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಕಾರ್ಡನ್ನು ಓದಿ ಹೇಳಿದೆ: ಸಿಇಒ ಬಂದಿದ್ದಾರೆ, ಚಾ ಇಡು.

ಇವರ ಕಂಪನಿ ಮಾಡಿರುವುದು ತೆಂಗಿನಕಾಯಿ ತೆಗೆಯುವವರನ್ನು ಮೊಬೈಲಿನಲ್ಲಿ ಕರೆಸುವ ಆ್ಯಪ್. ಕೇಳಿ ನಾನು ನಿಜಕ್ಕೂ ಎದ್ದು ಕುಳಿತೆ. ನಮ್ಮಲ್ಲಿ ಹನ್ನೊಂದು ಮರಗಳಿವೆ. ನಲವತ್ತೈದು ದಿನಕ್ಕೊಮ್ಮೆ ತೆಗೆಯಬೇಕಾದ ಕಾಯಿಯನ್ನು ನಾಲ್ಕು ತಿಂಗಳಿಂದ ತೆಗೆದಿಲ್ಲ. ಈಗ ಅವು ತಾವಾಗಿಯೇ ಬೀಳುತ್ತಿವೆ. ಅಂಗಳ ದಾಟುವಾಗ ನಾವು ತಲೆಯ ಮೇಲೆ ಅಲ್ಯೂಮಿನಿಯಂ ಬುಟ್ಟಿ ಹಿಡಿದುಕೊಳ್ಳುತ್ತೇವೆ.

"ಹತ್ತುವವರು ಎಷ್ಟು ಜನ ಇದ್ದಾರೆ?" ಎಂದು ಕೇಳಿದೆ.

"ಡೌನ್‌ಲೋಡ್ ಮುನ್ನೂರು ದಾಟಿದೆ ಅಂಕಲ್."

"ಅದಲ್ಲ, ಮರ ಹತ್ತುವವರು?"

"ಆನ್‌ಬೋರ್ಡಿಂಗ್ ನಡೆಯುತ್ತಿದೆ."

ಎಂದರೆ ಒಬ್ಬರೂ ಇಲ್ಲ. ಮುನ್ನೂರು ಮಂದಿಯೂ ನನ್ನ ಹಾಗೆ ಬುಟ್ಟಿ ಹೊತ್ತು ಓಡಾಡುವವರು. ಕಂಪನಿಯಲ್ಲಿ ಎಷ್ಟು ಜನ ಎಂದು ಕೇಳಿದೆ. ಐವರಂತೆ. ಒಬ್ಬ ಮುಖ್ಯ ಕಾರ್ಯನಿರ್ವಾಹಕ, ಒಬ್ಬ ಮುಖ್ಯ ತಂತ್ರಜ್ಞಾನಾಧಿಕಾರಿ, ಒಬ್ಬ ಮುಖ್ಯ ಹಣಕಾಸು ಅಧಿಕಾರಿ, ಹೀಗೆ ಐವರೂ ಮುಖ್ಯರೇ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಎಷ್ಟೋ ತಿರುಗಾಟದ ಮೇಲೆ ಕಿರೀಟ. ಇಲ್ಲಿ ಐವರೂ ಮೊದಲ ದಿನವೇ ಕಿರೀಟ ಕಟ್ಟಿ ರಂಗದ ಮೇಲೆ ನಿಂತಿದ್ದಾರೆ. ಚೆಂಡೆಗೆ ಜನವಿಲ್ಲ. ಬಣ್ಣ ಹಚ್ಚುವ ಚೌಕಿಯಲ್ಲಿ ಪೆಟ್ಟಿಗೆ ಹೊರುವವರಿಲ್ಲ. ಪ್ರಸಂಗ ಯಾವುದೆಂದು ಭಾಗವತರಿಗೂ ಗೊತ್ತಿಲ್ಲ. ಆದರೆ ಕಿರೀಟಗಳು ಮಾತ್ರ ಚೆನ್ನಾಗಿವೆ, ಅದನ್ನು ಒಪ್ಪಲೇಬೇಕು.

ನಮ್ಮಲ್ಲಿಗೆ ಬರುವ ಕಾಯಿ ತೆಗೆಯುವವರನ್ನು ಬಸ್ ನಿಲ್ದಾಣದಲ್ಲಿ ಹಿಡಿದು ಈ ಆ್ಯಪಿನ ವಿಷಯ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಬಳಿಕ, "ಮಾರಾಯರೇ, ನನ್ನನ್ನು ಹುಡುಕುವವರು ಈಗಲೇ ಜಾಸ್ತಿ. ನಾನು ಯಾರಿಗೂ ಸಿಗದ ಹಾಗೆ ಮಾಡುವ ಆ್ಯಪ್ ಏನಾದರೂ ಇದ್ದರೆ ಹಾಕಿಸಿಕೊಡಿ, ತಿಂಗಳಿಗೆ ನೂರು ರೂಪಾಯಿ ಕೊಡುತ್ತೇನೆ" ಎಂದರು. ಇಡೀ ನವೋದ್ಯಮದ ಮೇಳದಲ್ಲಿ ದುಡ್ಡು ಕೊಡಲು ಸಿದ್ಧನಿದ್ದ ಗಿರಾಕಿ ಇವರೊಬ್ಬರೇ. ಇವರನ್ನು ಯಾರೂ ಮೇಳಕ್ಕೆ ಕರೆದಿರಲಿಲ್ಲ.

ಮೂರು ತಿಂಗಳಲ್ಲಿ ಕಂಪನಿ ದಿಕ್ಕು ಬದಲಿಸಿತು. ಅದಕ್ಕೆ ಸೋತಿತು ಎನ್ನಬಾರದಂತೆ, ಪಿವಟ್ ಎನ್ನಬೇಕಂತೆ. ಹುಡುಗ ಹೊಸ ಕಾರ್ಡಿನೊಂದಿಗೆ ಮತ್ತೆ ಬಂದ. ಈಗ ಅವನು ಸಂಸ್ಥಾಪಕ ಟ್ರಸ್ಟಿ. ಕಾಯಿ ತೆಗೆಯುವವರ ಸಬಲೀಕರಣಕ್ಕೆ ಲಾಭದ ಉದ್ದೇಶವಿಲ್ಲದ ಸಂಸ್ಥೆಯನ್ನು ಹುಟ್ಟುಹಾಕಿದ್ದಾನೆ. ಮುಂದೆ ಕಂಪನಿ ಕಾಯ್ದೆಯ ಸೆಕ್ಷನ್ 8ರಲ್ಲಿ ನೋಂದಣಿ ಮಾಡಿಸುವ ಯೋಚನೆಯೂ ಇದೆಯಂತೆ. ನನಗೆ ಇದರಲ್ಲಿ ದೊಡ್ಡ ಬದಲಾವಣೆಯೇನೂ ಕಾಣಿಸಲಿಲ್ಲ. ಮೊದಲೂ ಲಾಭವಿರಲಿಲ್ಲ, ಈಗಲೂ ಇಲ್ಲ. ಮೊದಲು ಅದು ನಾಚಿಕೆಯ ವಿಷಯವಾಗಿತ್ತು, ಈಗ ಅದೇ ಧ್ಯೇಯೋದ್ದೇಶ.

ಸಬಲೀಕರಣ ಏನಾಯಿತೆಂದು ಕೇಳಬೇಡಿ. ಕೇಳಿದಿರಾದರೆ ಹೇಳುತ್ತೇನೆ. ನಮ್ಮ ಕಾಯಿ ತೆಗೆಯುವವರನ್ನು ಕಾಲೇಜಿಗೆ ಕರೆಸಿ ಶಾಲು, ಹಾರ, ಪೇಟ, ಫಲಪುಷ್ಪ, ಸ್ಮರಣಿಕೆ ಕೊಟ್ಟು ಸನ್ಮಾನ ಮಾಡಿದರು. ಕಾರ್ಯಕ್ರಮ ಹತ್ತಕ್ಕೆ; ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡಕ್ಕೆ. ಬಿಸಿಲೇರುವ ಮೊದಲು ನಲವತ್ತು ಮರ ಹತ್ತಿ ಇಳಿಯುವ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಕಟ್ಟಿ ಕುಳಿತು, ತನ್ನ ಬದುಕಿನ ಸವಾಲುಗಳ ಬಗ್ಗೆ ಇಂಗ್ಲಿಷಿನ ಸ್ಲೈಡುಗಳನ್ನು ನೋಡಿದರು. ಆ ದಿನದ ಕೂಲಿ ಹೋಯಿತು. ಅವರು ಆ ದಿನ ನಮ್ಮಲ್ಲಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದರು. ನನ್ನ ಕಾಯಿಯೂ ಹೋಯಿತು.

ಚಾ ಕುಡಿಯುತ್ತಾ ಹುಡುಗ ಒಂದು ಮಾತು ಹೇಳಿದ. "ಬೆಂಗಳೂರಿನ ಹಾಗೆ ನಮ್ಮ ಊರಿನಲ್ಲಿ ಇಕೋಸಿಸ್ಟಮ್ ಇಲ್ಲ ಅಂಕಲ್."

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಇಕೋಸಿಸ್ಟಮ್, ಎಂದರೆ ಉದ್ಯಮಕ್ಕೆ ಬೇಕಾದ ವಾತಾವರಣ, ಇಲ್ಲದ ಈ ಊರುಗಳಲ್ಲಿ 1906ರ ಒಂದೇ ವರ್ಷದಲ್ಲಿ ಎರಡು ಬ್ಯಾಂಕುಗಳು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ತೊಡಗಿಸಿದ್ದು ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲೇ ಒಬ್ಬ ಡಾಕ್ಟರ್, ಒಬ್ಬ ಇಂಜಿನಿಯರ್, ಒಬ್ಬ ವ್ಯಾಪಾರಿ ಸೇರಿದರು: ಟಿ.ಎಂ.ಎ. ಪೈ, ವಾಮನ ಕುಡ್ವ, ಉಪೇಂದ್ರ ಅನಂತ ಪೈ. ಕೈಮಗ್ಗದ ಕಸುಬು ನೆಲಕಚ್ಚಿ ಕಂಗಾಲಾಗಿದ್ದ ನೇಕಾರರಿಗೆ ನೆರವಾಗಲೆಂದು ಎಂಟು ಸಾವಿರ ರೂಪಾಯಿಯಲ್ಲಿ ಆರಂಭಿಸಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅವರು ಪಿಗ್ಮಿ ಎಂಬ ದಿನದಿನದ ಉಳಿತಾಯ ತಂದರು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ವಸೂಲಿ.

ಆ ಮೂವರು ಇಂದು ಯಾವುದಾದರೂ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ತೀರ್ಪುಗಾರರ ಮುಂದೆ ನಿಂತರೆ ಏನಾಗುತ್ತಿತ್ತು? "ಎರಡಾಣೆಯೇ? ಇದು ಸ್ಕೇಲ್ ಆಗುವುದಿಲ್ಲ" ಎನ್ನುತ್ತಿದ್ದರು. "ಏಜೆಂಟರ ಚಪ್ಪಲಿ ಸವೆಯುವ ಖರ್ಚು ಯಾವ ಸ್ಲೈಡಿನಲ್ಲಿದೆ?" ಎಂದು ಕೇಳುತ್ತಿದ್ದರು. "ನೇಕಾರರನ್ನು ಬಿಡಿ, ಕೃತಕ ಬುದ್ಧಿಮತ್ತೆಯನ್ನು ಸೇರಿಸಿ" ಎಂದು ಸಲಹೆ ಕೊಡುತ್ತಿದ್ದರು. ಕೊನೆಗೆ ಮೂವರಿಗೂ ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಸಿಗುತ್ತಿತ್ತು. ಎಂಟು ಸಾವಿರ ರೂಪಾಯಿ ಇಂದು ಇಂಥ ಒಂದು ಕಾರ್ಯಕ್ರಮದ ಟೀಶರ್ಟಿಗೆ ಸಾಲುವುದಿಲ್ಲ ಎನ್ನುವುದು ಬೇರೆ ಮಾತು.

ನಮ್ಮ ಬೀದಿಗೆ ಈಗಲೂ ಪಿಗ್ಮಿಯವರು ಬರುತ್ತಾರೆ. ಸಂಜೆ ನಾಲ್ಕರ ಹೊತ್ತಿಗೆ, ಕಂಕುಳಲ್ಲಿ ಕೊಡೆ, ಕೈಯಲ್ಲೊಂದು ಪುಟ್ಟ ಯಂತ್ರ. ಗೂಡಂಗಡಿಯಲ್ಲಿ ಐವತ್ತು, ಟೈಲರಲ್ಲಿ ನೂರು, ಮೀನು ಮಾರುವ ಅಕ್ಕನ ಸೊಂಟದ ಚೀಲದಿಂದ ಒದ್ದೆ ನೋಟು. ಯಾರ ಮಗಳಿಗೆ ಸಂಬಂಧ ಕುದುರಿದೆ, ಯಾರ ವ್ಯಾಪಾರ ಬಿದ್ದಿದೆ, ಯಾರು ಎರಡು ದಿನ ಬಾಗಿಲು ತೆಗೆಯಲಿಲ್ಲ, ಎಲ್ಲವೂ ಅವರಿಗೆ ಗೊತ್ತು. ನಮ್ಮ ಸಿಇಒಗೆ ಇದನ್ನು ವಿವರಿಸಿದಾಗ ಅವನ ಮುಖ ಅರಳಿತು. "ಎಂಥ ಡೇಟಾ ಅಂಕಲ್!" ಎಂದ. ಪಿಗ್ಮಿಯವರಿಗೆ ಒಂದು ಲೋಟ ನೀರು ಕೊಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವರು ಗೇಟಿನಲ್ಲೇ ನಿಂತಿದ್ದರು.

ಅಂದಹಾಗೆ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕರಾವಳಿಯದೇ ಆದ ವಿಜಯಾ ಬ್ಯಾಂಕ್ ಅದರ ಹಿಂದಿನ ವರ್ಷ, ಅದೇ ದಿನ. ತಾರೀಕು ಆರಿಸಿದವರಿಗೆ ನಮ್ಮ ಬಗ್ಗೆ ಏನು ಅಭಿಪ್ರಾಯವಿತ್ತೋ.

ಸರಿ, ಕಾಲೇಜಿಗೆ ಬರೋಣ. ಇಷ್ಟೊಂದು ಉತ್ಸಾಹ ಒಮ್ಮೆಲೇ ಎಲ್ಲಿಂದ ಬಂತು ಎಂದು ಪರಿಚಯದ ಅಧ್ಯಾಪಕರೊಬ್ಬರನ್ನು ಕೇಳಿದೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು. 2018ರಿಂದ ಕಾಲೇಜುಗಳಲ್ಲಿ ಇನ್ನೊವೇಷನ್ ಕೌನ್ಸಿಲ್‌ಗಳು ಬಂದಿವೆ. 2019ರಲ್ಲಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ ಬಂತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬಂದಾಗ ತೋರಿಸಲು ಏನಾದರೂ ಬೇಕು. ಆದ್ದರಿಂದ ಪ್ರತಿ ವಿಭಾಗವೂ ವರ್ಷಕ್ಕೆ ಇಷ್ಟು ನವೋದ್ಯಮ ಎಂದು ಹೆರಬೇಕು. "ಎಷ್ಟು ಹುಟ್ಟಿದವು ಎಂಬುದಕ್ಕೆ ನಮ್ಮಲ್ಲಿ ಫೈಲ್ ಇದೆ. ಎಷ್ಟು ಉಳಿದವು ಎಂಬುದಕ್ಕೆ ಇನ್ನೂ ಫೈಲ್ ತೆರೆದಿಲ್ಲ" ಎಂದರು. ಆಮೇಲೆ ತಮ್ಮ ಹೆಸರು ಎಲ್ಲೂ ಬರಬಾರದೆಂದು ಎರಡು ಸಲ ಹೇಳಿದರು.

ಲಾಭರಹಿತ ವಿಭಾಗದ ಕಥೆ ಇನ್ನೂ ಚೆನ್ನಾಗಿದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ನಿಯಮದಂತೆ ಇಂಜಿನಿಯರಿಂಗ್ ವಿದ್ಯಾರ್ಥಿ ಪದವಿ ಪಡೆಯುವ ಮುನ್ನ ಸಮಾಜಸೇವೆಯಂಥ ಕೆಲಸಗಳಿಂದ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಬಂದವರಿಗೆ 75 ಸಾಕು. ಅವರು ಸಮಾಜಕ್ಕೆ ಕಾಲುಭಾಗ ಕಡಿಮೆ ಋಣಿಗಳು. ಹೀಗಾಗಿ ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಮರಳಿಗೆ ಭಾನುವಾರ ಬಂತೆಂದರೆ ಪುರುಸೊತ್ತಿಲ್ಲ. ಒಮ್ಮೆ ನಾನೇ ನೋಡಿದೆ: ಬೆಳಗ್ಗೆ ಏಳಕ್ಕೆ ಒಂದು ಕಾಲೇಜಿನವರು ಬಂದು ಕಸ ಹೆಕ್ಕಿ ಹೋದರು. ಒಂಬತ್ತಕ್ಕೆ ಇನ್ನೊಂದು ಸಂಸ್ಥೆಯ ಅರುವತ್ತು ಮಂದಿ ಹೊಸ ಟೀಶರ್ಟ್‌ನಲ್ಲಿ ಬಸ್ಸಿನಿಂದ ಇಳಿದರು. ಹೆಕ್ಕಲು ಏನೂ ಇರಲಿಲ್ಲ. ಮುಖಂಡನಿಗೆ ಗಾಬರಿ. ಕೊನೆಗೆ ಅವರೇ ತಿಂದ ಗೋಳಿಬಜೆಯ ಕಾಗದ, ಅವರೇ ಕುಡಿದ ನೀರಿನ ಬಾಟಲಿ ಒಟ್ಟುಮಾಡಿ ಚೀಲಕ್ಕೆ ಹಾಕಿ ಫೋಟೋ ತೆಗೆದರು. ಒಟ್ಟಿನಲ್ಲಿ ಬೀಚ್ ಸ್ವಚ್ಛವೇ ಆಗಿತ್ತು, ದೂರುವ ಹಾಗಿಲ್ಲ.

2019ರ ಆಗಸ್ಟ್‌ನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರ ಎಂಬಲ್ಲಿನ ತೋಟ, ಮನೆಗಳ ಮೇಲೆ ಹರಿದದ್ದು ನಿಮಗೆ ನೆನಪಿರಬಹುದು. ಅಡಕೆ ಮರಗಳು ಕಸದಡಿ ಮಲಗಿದವು, ಜನ ಮನೆ ಬಿಟ್ಟರು. ಆ ಕಡೆಗೆ ಟೀಶರ್ಟ್ ಹಾಕಿದವರ ಬಸ್ ಹೋದದ್ದನ್ನು ನಾನು ನೋಡಿಲ್ಲ. ಅಲ್ಲಿ ಹಿನ್ನೆಲೆಗೆ ಸಮುದ್ರ ಸಿಗುವುದಿಲ್ಲ.

ಇನ್ನು ಉದ್ಘಾಟನಾ ಭಾಷಣ. ಅದರಲ್ಲಿ ಹರೇಕಳ ಹಾಜಬ್ಬರ ಹೆಸರು ಬರದೆ ಇರುವುದಿಲ್ಲ. ಕಿತ್ತಳೆ ಮಾರಿ ನ್ಯೂಪಡ್ಪುವಿನಲ್ಲಿ ಶಾಲೆ ತಂದವರು, 2020ರಲ್ಲಿ ಪದ್ಮಶ್ರೀ. ಇಷ್ಟು ಹೇಳಿ, ಚಪ್ಪಾಳೆ ಗಿಟ್ಟಿಸಿ, ಮುಖ್ಯ ಅತಿಥಿಗಳು ಕಾರು ಹತ್ತುತ್ತಾರೆ. ಬುಟ್ಟಿ ಹೊತ್ತ ಆ ವರ್ಷಗಳಲ್ಲಿ ಇದೇ ಅತಿಥಿಗಳು ಅವರಲ್ಲಿ ಕಿತ್ತಳೆಗೆ ಎಷ್ಟು ಚೌಕಾಸಿ ಮಾಡಿದ್ದರೋ ಯಾರಿಗೆ ಗೊತ್ತು.

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಹತ್ತೊಂಬತ್ತು ವರ್ಷಕ್ಕೆ ನಾನೂ ಒಂದು ಕೈಬರಹದ ಪತ್ರಿಕೆಯ ಪ್ರಧಾನ ಸಂಪಾದಕನಾಗಿದ್ದೆ. ಓದುಗರು ನಾಲ್ವರು, ಅದರಲ್ಲಿ ಇಬ್ಬರು ಉಪಸಂಪಾದಕರು. ಸಿಟ್ಟು ಬರುವುದು ಬೇರೆ ಕಡೆಗೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಇನ್ನೊಬ್ಬ ಹುಡುಗನಿದ್ದಾನೆ. ಬಿ.ಕಾಂ. ಎರಡನೆಯ ವರ್ಷ. ಅಪ್ಪ ಮೀನು ಬಂದರಿನ ಧಕ್ಕೆಯಿಂದ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲಿಂಗ್ ಮೀನುಗಾರಿಕೆಗೆ ನಿಷೇಧ. ಕಾಲೇಜಿನ ಫೀಸು ಕಟ್ಟುವುದೂ ಸರಿಯಾಗಿ ಅದೇ ಹೊತ್ತಿಗೆ. ಹುಡುಗ ಕ್ಯಾಟರಿಂಗ್‌ಗೆ ಹೋಗುತ್ತಾನೆ. ಮೊದಲು ಬರೀ ಬಡಿಸುತ್ತಿದ್ದ. ಈಗ ತನ್ನದೇ ಎಂಟು ಹುಡುಗರ ತಂಡ ಕಟ್ಟಿಕೊಂಡು, ಮೂರು ಹಾಲ್‌ಗಳಿಗೆ ಜನ ಒದಗಿಸುತ್ತಾನೆ. ಮುಹೂರ್ತವಿರುವ ದಿನ ನಸುಕಿನ ನಾಲ್ಕಕ್ಕೆ ಮನೆ ಬಿಡುತ್ತಾನೆ. ಒಬ್ಬ ಕೈಕೊಟ್ಟರೆ ಬದಲಿ ತರುತ್ತಾನೆ, ಎಲ್ಲರ ಲೆಕ್ಕವನ್ನೂ ಅದೇ ದಿನ ಚುಕ್ತಾ ಮಾಡುತ್ತಾನೆ. ಮುಹೂರ್ತ ಕಾಲೇಜಿನ ರಜೆ ನೋಡಿಕೊಂಡು ಬರುವುದಿಲ್ಲ. ಶೇಕಡಾ 75ರ ಹಾಜರಾತಿ ಇವನಿಗೆ ತುಂಬಲಿಲ್ಲ. ಪರೀಕ್ಷೆಗೆ ಕೂರಿಸುವುದಿಲ್ಲ, ಅಪ್ಪನನ್ನು ಕರೆದುಕೊಂಡು ಬಾ ಎಂದರು. ಅಪ್ಪ ಕಡಲಿನಲ್ಲಿದ್ದರು.

ಆ 2019ರ ಸ್ಟಾರ್ಟಪ್ ನೀತಿಯಲ್ಲಿ ಒಂದು ಮಾತಿದೆ. ವಿದ್ಯಾರ್ಥಿ ಉದ್ಯಮಿಗೆ ಹಾಜರಾತಿ ಕಡಿಮೆಯಿದ್ದರೂ ಸಂಸ್ಥೆಯ ಅನುಮತಿಯಿಂದ ಪರೀಕ್ಷೆಗೆ ಕೂರಬಹುದು. ನೀತಿ ಇದೆ, ಕಾಗದ ಇದೆ, ಸಹಿ ಹಾಕುವ ಕೈಯೂ ಇದೆ. ಆದರೆ ದುಡಿದು, ಕೂಲಿ ಹಂಚಿ, ಮನೆಗೆ ಅಕ್ಕಿ ತರುವ ಹುಡುಗ ಉದ್ಯಮಿಯಂತೆ ಕಾಣಿಸುವುದಿಲ್ಲ ಮಾರಾಯರೇ, ಹಾಜರಾತಿ ಶಾರ್ಟೇಜಿನ ಹುಡುಗನಂತೆ ಕಾಣಿಸುತ್ತಾನೆ. ಒಬ್ಬ ಗಿರಾಕಿಯೂ ಇಲ್ಲದವನಿಗೆ ಹಿಂಗಾರ ಅರಳುತ್ತದೆ. ಇದನ್ನು ಬರೆಯುವಾಗ ತಮಾಷೆ ಮಾಡಬೇಕೆಂದು ನೋಡಿದೆ, ಆಗಲಿಲ್ಲ. ಸುಸ್ತಾಗುತ್ತದೆ.

ಮೊನ್ನೆ ಸಿಇಒ ಮೂರನೆಯ ಸಲ ಬಂದಾಗ ನಾನೇ ಕೇಳಿದೆ. "ನಿನ್ನ ಕಂಪನಿಯಲ್ಲಿ ಇನ್ನೊಂದು ಮುಖ್ಯ ಹುದ್ದೆ ಖಾಲಿ ಇದೆಯಾ? ಕೊನೆಯ ಮನೆಯ ಹುಡುಗನನ್ನು ಸಹಸ್ಥಾಪಕ ಎಂದು ಒಂದು ಕಾಗದದಲ್ಲಿ ಬರೆದುಕೊಡು. ಅವನಿಗೆ ಹಾಜರಾತಿಯಾದರೂ ಸಿಗಲಿ."

ಅವನು ಬಹಳ ಗಂಭೀರವಾಗಿ ಯೋಚಿಸಿದ. ಒಳ್ಳೆಯ ಹುಡುಗ ಅವನು.

"ಬೋರ್ಡ್ ಮುಂದೆ ಇಡಬೇಕಾಗುತ್ತದೆ ಅಂಕಲ್. ಅವನಿಗೆ ಪಿಚ್ ಮಾಡಲು ಬರುತ್ತದೆಯಾ?"

"ಈ ಭಾನುವಾರ ಹನ್ನೆರಡೂವರೆಗೆ ಹಾಲ್‌ಗೆ ಬಾ. ಒಂದು ಪಂಕ್ತಿಗೆ ಇನ್ನೂರೈವತ್ತು ಎಲೆ, ಪಾಯಸ ಯಾರಿಗೂ ತಪ್ಪದ ಹಾಗೆ ಹೇಗೆ ನಡೆಸುತ್ತಾನೆ ನೋಡು."

ಸಿಇಒ ಮೊಬೈಲ್ ತೆಗೆದು ಕ್ಯಾಲೆಂಡರ್ ನೋಡಿದ.

"ಭಾನುವಾರ ಆಗುವುದಿಲ್ಲ ಅಂಕಲ್. ತಣ್ಣೀರುಬಾವಿಯಲ್ಲಿ ಬೀಚ್ ಕ್ಲೀನಿಂಗ್ ಇದೆ. ನನಗಿನ್ನೂ ಇಪ್ಪತ್ತು ಪಾಯಿಂಟ್ ಬಾಕಿ."