ಚರ್ಚಿನ ಕೆಲಸವೆಲ್ಲ ಆಯ್ತು, ಪ್ರಾರ್ಥನೆ ಯಾವಾಗ?

ನಮ್ಮ ಕಥೋಲಿಕರ ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ಒಂದು ಚರ್ಚಿಗೆ ಸೇರಿದ ಭಕ್ತರ ಸಮುದಾಯದಲ್ಲೂ, ಇಂಥ ನಾಲ್ಕೈದು ಜನ ಇದ್ದೇ ಇರುತ್ತಾರೆ. ಪಾಲನಾ ಪರಿಷತ್ತಿನಲ್ಲೂ ಅವರೇ, ಗಾನವೃಂದದಲ್ಲೂ ಅವರೇ, ಮಕ್ಕಳ ಧರ್ಮೋಪದೇಶಕ್ಕೂ ಅವರೇ. ಹಬ್ಬ ಬಂತೆಂದರೆ ಮನೆಗೆ ಬರುವುದು ಮಲಗುವುದಕ್ಕೆ ಮಾತ್ರ. 'ಅವರಿಲ್ಲದಿದ್ದರೆ ಚರ್ಚೇ ನಡೆಯಲ್ಲ' ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಮಾತ್ರ ಅವರನ್ನು ಬೇರೇನೋ ಕೇಳಬೇಕು ಅನಿಸುತ್ತದೆ. ಕೊನೆಯ ಸಲ ಗುರುಗಳ ಹತ್ತಿರ ಪಾಪ ಒಪ್ಪಿಕೊಂಡು ಕ್ಷಮೆ ಕೇಳುವ ಪಾಪನಿವೇದನೆ ಮಾಡಿದ್ದು ಯಾವಾಗ? ಯಾವ ಜವಾಬ್ದಾರಿಯೂ ಇಲ್ಲದೆ ದೇವರ ಮುಂದೆ ಸುಮ್ನೆ ಕೂತದ್ದು ಯಾವಾಗ? ಕೇಳುವುದಿಲ್ಲ ಬಿಡಿ, ಅದು ಅವರಿಗೂ ದೇವರಿಗೂ ಬಿಟ್ಟ ಮಾತು.

ಭಾನುವಾರದ ಪೂಜೆಯಲ್ಲಿ ಪರಮಪ್ರಸಾದದ (ಕ್ರಿಸ್ತನ ಶರೀರವೆಂದು ನಂಬಿ ಸ್ವೀಕರಿಸುವ ರೊಟ್ಟಿಯ) ಹೊತ್ತಿನಲ್ಲಿ ಗಾನವೃಂದವನ್ನು ಒಮ್ಮೆ ಗಮನಿಸಿ. ಕೀಬೋರ್ಡ್ ನುಡಿಸುವವರು ಬೆರಳೆತ್ತಿ ಮುಂದಿನ ಹಾಡಿನ ನಂಬರ್ ತೋರಿಸುತ್ತಾರೆ. ಒಬ್ಬರು ಅವಸರದಲ್ಲಿ ಹೋಗಿ ಪರಮಪ್ರಸಾದ ಸ್ವೀಕರಿಸಿ, ಅದಿನ್ನೂ ಬಾಯಲ್ಲಿರುವಾಗಲೇ ಹಾಳೆ ತಿರುವಿ ಪಲ್ಲವಿ ಎತ್ತಿಕೊಳ್ಳುತ್ತಾರೆ. ಹಾಡು ಚೆನ್ನಾಗಿಯೇ ಬರುತ್ತದೆ. ಕೆಳಗೆ ಕೂತವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ. ಹಾಡಿದವರಿಗೆ ಮಾತ್ರ ಈಗ ತಾನೇ ಯಾರನ್ನು ಸ್ವೀಕರಿಸಿದೆವು ಅಂತ ನೆನೆಯುವುದಕ್ಕೂ ಪುರುಸೊತ್ತಿಲ್ಲ. ಪೂಜೆ ಮುಗಿದ ಮೇಲಾದರೂ ಐದು ನಿಮಿಷ ಕೂರಬಹುದಲ್ವಾ? ಇಲ್ಲ, ಮೈಕಿನ ವೈರ್ ಸುತ್ತಬೇಕು, ಆಮೇಲೆ ಮೀಟಿಂಗ್ ಇದೆ.

ನನ್ನ ಅಭಿಪ್ರಾಯ ಇಷ್ಟೇ. ಚರ್ಚಿನ ಕೆಲಸ ಮತ್ತು ಸ್ವಂತ ಆತ್ಮದ ಕಾಳಜಿ, ಎರಡರಲ್ಲಿ ಒಂದಕ್ಕೇ ಸಮಯ ಸಿಗುತ್ತದೆ ಅಂತಾದರೆ ಬಿಡಬೇಕಾದ್ದು ಕೆಲಸವನ್ನು. ಕೇಳಲು ಸ್ವಾರ್ಥದ ಹಾಗಿದೆ, ಗೊತ್ತು. ಆದರೆ ಇದನ್ನು ಹೇಳಿದವರು ಸೋಮಾರಿಗಳಾಗಿರಲಿಲ್ಲ. ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ 1576ರ ಪ್ಲೇಗಿನಲ್ಲಿ ಊರು ಬಿಟ್ಟು ಓಡದೆ ರೋಗಿಗಳ ಜೊತೆಗೇ ನಿಂತವರು. ದುಡಿದು ದುಡಿದು ಬರೀ 46ನೇ ವಯಸ್ಸಿಗೆ ತೀರಿಕೊಂಡರು. ಅಂಥವರೇ ತಮ್ಮ ಕೈಕೆಳಗಿನ ಗುರುಗಳಿಗೆ, ಅಂದರೆ ಪಾದ್ರಿಗಳಿಗೆ, ಹೇಳಿದ್ದೇನು? ಜನರ ಆತ್ಮಗಳನ್ನು ನೋಡಿಕೊಳ್ಳಿ, ಆದರೆ ನಿಮ್ಮದನ್ನು ಮರೆಯಬೇಡಿ, ನಿಮಗೇ ಏನೂ ಉಳಿಯದ ಹಾಗೆ ಎಲ್ಲವನ್ನೂ ಹಂಚಿಬಿಡಬೇಡಿ ಅಂತ.

ಅವರಿಗಿಂತ ನಾಲ್ಕು ಶತಮಾನ ಮೊದಲೇ ಫ್ರಾನ್ಸಿನ ಮಠಾಧಿಪತಿ ಸಂತ ಬರ್ನಾರ್ಡರು ಇದೇ ಮಾತನ್ನು ಪೋಪರಿಗೇ ಬರೆದಿದ್ದರು. 1145ರಲ್ಲಿ ಪೋಪ್ ಆದ ಮೂರನೇ ಯುಜೀನ್ ಮುಂಚೆ ಬರ್ನಾರ್ಡರ ಮಠದಲ್ಲೇ ಸನ್ಯಾಸಿಯಾಗಿದ್ದವರು. ಈಗ ಬೆಳಗಿನಿಂದ ರಾತ್ರಿವರೆಗೆ ವ್ಯಾಜ್ಯ ಕೇಳುವುದೇ ಆಗಿಹೋಗಿತ್ತು. ನಿಮ್ಮ ಬಾವಿಯ ನೀರನ್ನು ಎಲ್ಲರೂ ಕುಡಿಯುತ್ತಿದ್ದಾರೆ, ಅವರ ಜೊತೆ ನೀವೂ ಒಂದಿಷ್ಟು ಕುಡಿಯಿರಿ ಅಂದರು ಬರ್ನಾರ್ಡ್. ಪೋಪರ ಕೆಲಸವನ್ನೇ ಆಚೆ ಇಡಿ ಅನ್ನಬಹುದಾದರೆ, ನಮ್ಮ ಹೂವಿನ ಅಲಂಕಾರದ ಸಮಿತಿ ಯಾವ ಲೆಕ್ಕ?

'ಎಲ್ಲರೂ ಪ್ರಾರ್ಥನೆಗೆ ಕೂತರೆ ಕೆಲಸ ಮಾಡುವವರು ಯಾರು?' ಈ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ನನಗೆ ನೆನಪಾಗುವುದು ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ. 15ನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿದ ಹುಡುಗಿ; ಅಲ್ಲಿನ ಸನ್ಯಾಸಿನಿಯರು ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಇರುವವರು. ಮತಪ್ರಚಾರಕ್ಕೆಂದು ಯಾವ ದೇಶಕ್ಕೂ ಹೋಗಲಿಲ್ಲ, 1897ರಲ್ಲಿ ಆ ಮಠದೊಳಗೇ 24ನೇ ವಯಸ್ಸಿಗೆ ತೀರಿಕೊಂಡಳು. 1927ರಲ್ಲಿ ಧರ್ಮಸಭೆ, ಅಂದರೆ ಇಡೀ ಕಥೋಲಿಕ ಚರ್ಚು, ಈಕೆಯನ್ನು ಮಿಷನ್‌ಗಳ (ಮತಪ್ರಚಾರ ಕಾರ್ಯದ) ಪಾಲಕಿ ಎಂದು ಘೋಷಿಸಿತು. ಅದೂ ಕಡಲು ದಾಟಿ ದೇಶ ದೇಶ ಸುತ್ತಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಪಕ್ಕದಲ್ಲಿ ಕೂರಿಸಿ! ನಾವಾಗಿದ್ದರೆ ಅವಳಿಗೆ ವಾರ್ಷಿಕ ವರದಿಯಲ್ಲಿ ಒಂದು ಸಾಲೂ ಕೊಡುತ್ತಿರಲಿಲ್ಲ.

ಹಾಗಂತ ಪ್ರಾರ್ಥನೆಗಳನ್ನು ಒಂದರ ಮೇಲೊಂದು ಪೇರಿಸಿಕೊಳ್ಳಿ ಅಂತಲೂ ಹೇಳುತ್ತಿಲ್ಲ. ಅದೂ ಒಂಥರಾ ಗಡಿಬಿಡಿಯೇ. ಒಂಬತ್ತು ದಿನ ಮಾಡುವ ನೊವೆನಾ ಪ್ರಾರ್ಥನೆಗಳೇ ಮೂರು ಒಟ್ಟಿಗೆ ನಡೆಯುತ್ತಿರುತ್ತವೆ, ಜೊತೆಗೆ ವಾಟ್ಸಾಪ್‌ನಲ್ಲಿ ಬಂದ 'ತಪ್ಪದೆ ಹತ್ತು ಜನರಿಗೆ ಕಳಿಸಿ' ಪ್ರಾರ್ಥನೆ ಬೇರೆ. ನಿಜವಾಗಿ ಧರ್ಮಸಭೆ ಕಡ್ಡಾಯ ಮಾಡಿರುವುದು ತೀರಾ ಕಡಿಮೆ. ಭಾನುವಾರ ಮತ್ತು ಕಡ್ಡಾಯ ಹಬ್ಬಗಳ ಬಲಿಪೂಜೆ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ, ಪಾಸ್ಖ (ಈಸ್ಟರ್) ಕಾಲದಲ್ಲಿ ಪರಮಪ್ರಸಾದ, ಗೊತ್ತಾದ ದಿನಗಳಲ್ಲಿ ಉಪವಾಸ, ಚರ್ಚಿನ ಖರ್ಚಿಗೆ ಕೈಲಾದ ನೆರವು. ಉಳಿದ ಹೊರೆ ಜಾಸ್ತಿ ಪಾಲು ನಾವೇ ಹೊತ್ತುಕೊಂಡದ್ದು. ಪವಿತ್ರರಾಗುವ ಕರೆ ಮಾತ್ರ ಹಾಗಲ್ಲ, ಅದು ಗುರುಗಳಿಗೆ, ಸಿಸ್ಟರ್‌ಗಳಿಗೆ ಅಷ್ಟೇ ಸೇರಿದ್ದಲ್ಲ, ಪ್ರತಿಯೊಬ್ಬ ಕ್ರೈಸ್ತನಿಗೂ ಇದೆ ಅಂತ ಜಗತ್ತಿನ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬಿಡಿಸಿ ಹೇಳಿದೆ.

ಪವಿತ್ರತೆ ಅಂದರೆ ಏನು ಅಂತ ಕೇಳಿದರೆ ನಾನು ಮನೆಯವರ ಕಡೆ ಕೈ ತೋರಿಸುತ್ತೇನೆ. ಬಲಿಪೀಠದ ಹತ್ತಿರ ಮೆತ್ತಗೆ ಮಾತಾಡುವವರು ಮನೆಯಲ್ಲಿ ಕಾಫಿ ತಡವಾದರೆ ಹೇಗೆ ಮಾತಾಡುತ್ತಾರೆ? ಅಧ್ಯಕ್ಷಗಿರಿ ತಪ್ಪಿಸಿದವರ ಜೊತೆ ಎಷ್ಟು ವರ್ಷ ಮಾತು ಬಿಟ್ಟಿದ್ದಾರೆ? ರಾತ್ರಿ ಮಲಗುವ ಮುಂಚೆ ಆ ದಿನವನ್ನು ಒಮ್ಮೆ ತಿರುಗಿ ನೋಡಿದರೆ ಇದೆಲ್ಲ ತಾನಾಗಿಯೇ ಎದುರು ಬಂದು ನಿಲ್ಲುತ್ತದೆ. ನಾವು ಕೆಲಸ ಕೆಲಸ ಅಂತ ಓಡುವುದು, ಅದನ್ನು ನೋಡಬಾರದು ಅಂತಲೇ ಇರಬಹುದು.

ಅದಕ್ಕೇ ಪಾಲನಾ ಪರಿಷತ್ತಿನವರಿಗೂ ಗುರುಗಳಿಗೂ ಒಂದು ವಿನಂತಿ. ಈ ಸಲ ಹೆಸರಿನ ಪಟ್ಟಿ ಮಾಡುವಾಗ ಯಾರಾದರೂ 'ಒಂದು ವರ್ಷ ನನ್ನನ್ನು ಬಿಟ್ಟುಬಿಡಿ ಫಾದರ್' ಅಂದರೆ ಬಲವಂತ ಮಾಡಬೇಡಿ, ಮುನಿಸಿಕೊಂಡಿದ್ದಾರೆ ಅಂತ ಗಾಳಿಸುದ್ದಿಯನ್ನೂ ಹಬ್ಬಿಸಬೇಡಿ. ಕೆಲವರದ್ದು ಬರೀ ನೆಪ ಆಗಿರುತ್ತದೆ, ಇರಲಿ. ಅವರ ಜಾಗಕ್ಕೆ ಯಾರೂ ಸಿಗಲಿಲ್ಲ ಅಂದರೆ ಆ ಕಾರ್ಯಕ್ರಮವನ್ನೇ ಒಂದು ವರ್ಷ ಕೈಬಿಡಿ.