ಗಂಡು ಹೂವಿನ ಬಜ್ಜಿ

ಮೈಸೂರಿನ ನಮ್ಮ ಬೀದಿಯವರೆಲ್ಲ ಸೇರಿ ಖಾಲಿ ಸೈಟಿನಲ್ಲಿ ಮಾಡಿರುವ ತೋಟಕ್ಕೆ ನೀರಿನ ಕೊರತೆಯಿಲ್ಲ, ಗೊಬ್ಬರದ ಕೊರತೆಯಿಲ್ಲ, ಸಲಹೆಯ ಕೊರತೆಯಂತೂ ಇಲ್ಲವೇ ಇಲ್ಲ. ಸಲಹೆಗಳಲ್ಲಿ ಮುಕ್ಕಾಲು ಪಾಲು ನಿವೃತ್ತ ರಾಯರದು. ಜೀವಮಾನವಿಡೀ ಕಡತ ವಿಲೇವಾರಿ ಮಾಡಿದ ಕೈ. ಬಳ್ಳಿ ಕಂಡರೂ ವಿಲೇವಾರಿಗೆ ತವಕಿಸುತ್ತದೆ.

ಈ ಸಲ ಸಿಹಿಗುಂಬಳದ ಬಳ್ಳಿಯಲ್ಲಿ ಹೂವೋ ಹೂವು. "ಈ ಉದ್ದ ತೊಟ್ಟಿನವು ಕಾಯಿ ಕಚ್ಚುವುದಿಲ್ಲ, ದಂಡ. ಸುಮ್ಮನೆ ಸಾರ ಹೀರುತ್ತವೆ, ಕಿತ್ತುಹಾಕಿ" ಎಂದು ರಾಯರು ಷರಾ ಬರೆದರು. ಎದುರು ಮನೆಯ ಅಜ್ಜಿ ಅಷ್ಟನ್ನೂ ಕೊಯ್ದು, ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿದರು. ಬಜ್ಜಿ ಚೆನ್ನಾಗಿಯೇ ಇತ್ತು. ಆಮೇಲೆ ನೋಡಿದರೆ, ಹೆಣ್ಣು ಹೂಗಳ ಬುಡದಲ್ಲಿದ್ದ ಗೋಲಿಯಷ್ಟು ಮಿಡಿಗಳು ಹಳದಿಗಟ್ಟಿ ಒಂದೊಂದಾಗಿ ಉದುರತೊಡಗಿದವು. ಪರಾಗ ಒದಗಿಸಬೇಕಾದ ಗಂಡು ಹೂಗಳನ್ನು ಇಡೀ ಬೀದಿ ತಿಂದು ತೇಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋಣವೆಂದರೆ ಕಾಯಿಯೇ ಇಲ್ಲ!

ಮತ್ತೆ ಅರಳುವ ಗಂಡು ಹೂವಿನ ಪರಾಗವನ್ನು ಕೈಯಾರೆ ಹೆಣ್ಣು ಹೂವಿಗೆ ಸವರಿದರೆ ಕಾಯಿ ನಿಲ್ಲುತ್ತದೆ. ಆದರೆ ಆ ಹೂವು ನಸುಕಿಗೆ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ವಾರವಿಡೀ ಬೆಳಗ್ಗೆ ಶಾಲೆ, ಕಚೇರಿಯ ಗಡಿಬಿಡಿ. ಭಾನುವಾರ ನಸುಕಿಗೆ ನಮ್ಮ ತಂಡ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ. ಕುಂಬಳದ ಮದುವೆಗೆ ಪುರೋಹಿತರೇ ಸಿಗಲಿಲ್ಲ.

ಬೆಟ್ಟಕ್ಕೆ ಸಾವಿರ ಮೆಟ್ಟಿಲು ಎಂಬ ಮಾತನ್ನು ರಾಯರು ಒಪ್ಪುವುದಿಲ್ಲ, ತಾವೇ ಎಣಿಸುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹರಕೆ ತೀರಿಸುವ ಹೆಂಗಸರು ಸಹ ನಮ್ಮನ್ನು ಹಿಂದೆ ಹಾಕುತ್ತಾರೆ. ಯಾರಾದರೂ "ನಮಸ್ಕಾರ ಸಾರ್" ಎಂದರೆ ಎಣಿಕೆ ತಪ್ಪುತ್ತದೆ. ಕೆಳಗಿಳಿದು ಮೊದಲಿನಿಂದ ಎಣಿಸಲು ಹೊರಟ ರಾಯರನ್ನು ಹಿಡಿದು ನಿಲ್ಲಿಸುವುದೇ ನಮಗೆ ವ್ಯಾಯಾಮ. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಮಾಡಿಸಿದ ಏಕಶಿಲೆಯ ನಂದಿಯ ಬಳಿ ಎಲ್ಲರೂ ಉಪ್ಪು ಖಾರ ಹಚ್ಚಿದ ಸೌತೆಕಾಯಿ ಕೊಂಡೆವು. "ಸೌತೆಗೂ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಗೊತ್ತೇನಮ್ಮ?" ಎಂದು ರಾಯರು ಮಾರುವಾಕೆಗೆ ಪಾಠ ಶುರುಮಾಡಿದರು. ಅಷ್ಟರಲ್ಲಿ ಕೋತಿಯೊಂದು ಅವರ ಕೈಯ ಹೋಳನ್ನು ಕಿತ್ತುಕೊಂಡು, ಖಾರ ಒರೆಸಿ, ಅವರೆದುರೇ ಕೂತು ತಿಂದಿತು. ಪಾಠ ಮಾತ್ರ ನಿಲ್ಲಲಿಲ್ಲ.

ಇಷ್ಟರ ನಡುವೆ ಬಳ್ಳಿಯ ಒಂದು ಕವಲು ಕಾಂಪೌಂಡು ದಾಟಿ ಪಕ್ಕದ ಮನೆಗೆ ಇಳಿದಿತ್ತು. ರಾಯರ ಕಣ್ಣಿಗೆ ಬೀಳದ ಆ ಜಾಗದಲ್ಲಿ ಒಂದು ಕಾಯಿ ಧಾರಾಳವಾಗಿ ಬಲಿಯಿತು. ತೋಟದಿಂದ ಸೊಳ್ಳೆ ಬರುತ್ತದೆಂದು ಮೊದಲಿನಿಂದಲೂ ತಕರಾರು ತೆಗೆಯುತ್ತಿದ್ದ ಆ ಮನೆಯಾಕೆ ಅದನ್ನು ಹುಳಿ ಮಾಡಿ, ಮನೆಮನೆಗೂ ಒಂದೊಂದು ಬಟ್ಟಲು ಕಳಿಸಿದರು.

ರಾಯರು ರುಚಿ ನೋಡಿ, ಉಪ್ಪು ಸ್ವಲ್ಪ ಮುಂದಾಗಿದೆ ಎಂದರು.